ಕರೆಂಟು ಹೋದಾಗ ಹಿಡಿದಿಟ್ಟ ದನಿ

ನಮ್ಮ ವೈನಿ ಬಾದಾಮಿಯವರು. ಅಣ್ಣನ ಕೈಹಿಡಿದು ಇಳಕಲ್ಲಿನ ನಮ್ಮ ಮನೆಗೆ ಬಂದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವ್ವ ನಡುಮನೆಯ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಅಣ್ಣ ನೂಲಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಮೂವರೂ ಮಾತು ಕಡಿಮೆಯ ಮಂದಿ. ವೈನಿ ಬಂದ ಮೇಲೆ ನಮ್ಮ ಮನೆಗೆ ಮಾತು ಬಂತು.

ವೈನಿಯ ತವರುಮನೆ ಬಾದಾಮಿಯ ಬಸ್‌ಸ್ಟ್ಯಾಂಡಿನ ಹಿಂದೆಯೇ ಇತ್ತು. ಬೆಳಗಿನಿಂದ ಸಂಜೆವರೆಗೆ ಮೈಕಿನ ದನಿ ಕೇಳುತ್ತಲೇ ಬೆಳೆದವರು. ರೊಟ್ಟಿ ಬಡಿಯುತ್ತಲೇ ಅದೇ ಧಾಟಿಯಲ್ಲಿ, "ಪ್ರಯಾಣಿಕರ ಗಮನಕ್ಕೆ. ಕೆರೂರ ಮಾರ್ಗವಾಗಿ ಬಾಗಲಕೋಟೆಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ. ಬಿಸಿ ರೊಟ್ಟಿ ಬೇಕಾದವರು ಕೂಡಲೇ ಬರತಕ್ಕದ್ದು" ಎನ್ನುತ್ತಿದ್ದರು. ಅವ್ವ ಮಗ್ಗದ ಕುಣಿಯಲ್ಲಿ ಕೂತೇ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅವ್ವ ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ನೋಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಬೇಕಾಗಿತ್ತು.

ದನಿ ಎಂದರೆ ಅಂಥ ದನಿ. ಸಣ್ಣಗಿರಲಿಲ್ಲ, ತುಸು ತೂಕದ್ದು. ಕತೆ ಹೇಳಿದರೆ ಕೇಳುವವರು ಮೈಮರೆಯುತ್ತಿದ್ದರು. ಹುಡುಗಿಯಾಗಿದ್ದಾಗ ರೇಡಿಯೋದಲ್ಲಿ ಮಾತಾಡಬೇಕೆಂಬ ಆಸೆಯಿತ್ತಂತೆ. ಪರೀಕ್ಷೆಗೆ ಧಾರವಾಡಕ್ಕೆ ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ. ಅದನ್ನೂ ನಗುತ್ತಲೇ ಹೇಳುತ್ತಿದ್ದರು.

ಡಿಗ್ರಿ ಮುಗಿಸಿ ನಾನು ಊರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಸುವ ಕೆಲಸಕ್ಕೆ ಸೇರಿದೆ. ಎರಡು ಸಾವಿರದ ಏಳೋ ಎಂಟೋ ಇರಬೇಕು. ಒಂದು ದಿನ ಪೇಪರಿನ ಪುರವಣಿಯಲ್ಲಿ ಪಾಡ್‌ಕಾಸ್ಟ್ ಎಂಬುದರ ಬಗ್ಗೆ ಓದಿದೆ. ಮನೆಯಲ್ಲೇ ಮಾತಾಡಿ, ರೆಕಾರ್ಡ್ ಮಾಡಿ, ಇಂಟರ್‌ನೆಟ್ಟಿಗೆ ಏರಿಸಿದರೆ ಬೇಕಾದವರು ಬೇಕಾದಾಗ ಕೇಳಬಹುದು, ಯಾರ ಅಪ್ಪಣೆಯೂ ಬೇಡ ಎಂದು ಬರೆದಿತ್ತು. ಆ ತುಂಡನ್ನು ಕತ್ತರಿಸಿಕೊಂಡು ಮನೆಗೆ ಬಂದೆ.

ವೈನಿ ರಾಟಿಯಲ್ಲಿ ಲಾಳಿಯ ಕಂಡಿಕಿಗೆ ನೂಲು ಸುತ್ತುತ್ತ ಕೂತಿದ್ದರು. ಓದಿ ಹೇಳಿದೆ.

"ಪರೀಕ್ಷಾ ಇಲ್ಲೇನು?" ಎಂದರು.

"ಇಲ್ರಿ ವೈನಿ. ನಾವ ಪರೀಕ್ಷಾ, ನಾವ ಪಾಸು."

ರಾಟಿ ನಿಲ್ಲಿಸಿ ಆ ತುಂಡನ್ನು ಕೈಗೆ ತೆಗೆದುಕೊಂಡು ತಾವೇ ಮತ್ತೊಮ್ಮೆ ಓದಿದರು. ಆಮೇಲೆ, "ಒಂದು ನೋಟಬುಕ್ಕು ತಗೊಂಬಾ ತಂಗಿ" ಎಂದರು.

ಆ ನೋಟ್‌ಬುಕ್ಕಿನಲ್ಲಿ ಇಬ್ಬರೂ ಸೇರಿ ಏನೇನು ಮಾತಾಡಬೇಕೆಂದು ಬರೆದೆವು. ನಾನು ಮೊದಲು ಬರೆದದ್ದು ಇಳಕಲ್ಲಿನ ಇತಿಹಾಸ, ಬಾದಾಮಿಯ ಇತಿಹಾಸ ಎಂದು. ವೈನಿ ಎರಡನ್ನೂ ಹೊಡೆದುಹಾಕಿದರು. "ಅವು ಪುಸ್ತಕದಾಗ ಅದಾವು. ನಮಗ ಗೊತ್ತಿದ್ದದ್ದು ಹೇಳೂಣು" ಎಂದರು. ಕೊನೆಗೆ ಉಳಿದವು ನಾಲ್ಕು. ಬಸ್‌ಸ್ಟ್ಯಾಂಡಿನ ಹಿಂದಿನ ಮನೆ ಮತ್ತು ಬಾದಾಮಿಯ ಮಂಗಗಳು. ಅವ್ವನ ಬಾಯಲ್ಲಿ ಸೀರೆಯ ಮೈಗೆ ಸೆರಗು ಕೂಡಿಸುವ ಕೆಲಸ. ಹುನಗುಂದದಿಂದ ಇಳಕಲ್ಲಿಗೆ ಬರುವ ಟೆಂಪೋದಲ್ಲಿ ಕೇಳಿಸಿಕೊಂಡ ಮಾತು. ಕೊನೆಯದು, ಹೊಸ ಸೊಸೆ ಊರಿಗೆ ಬಂದ ಮೊದಲ ವಾರ.

ಸುರುವಾತಿಗೆ ಏನು ಹೇಳಬೇಕೆನ್ನುವುದಕ್ಕೇ ಎರಡು ದಿನ ಹಿಡಿಯಿತು. ನಾನು ಬರೆದುಕೊಟ್ಟಿದ್ದು, "ನಮಸ್ಕಾರ, ಆತ್ಮೀಯ ಕೇಳುಗರೇ." ವೈನಿ ಒಮ್ಮೆ ಓದಿ ಹಾಳೆಯನ್ನು ಮಡಚಿಟ್ಟರು.

"ಮನಿಗೆ ಬಂದೋರಿಗೆ ಹಿಂಗಂತೀಯೇನು ನೀ? ಬರ್ರಿ, ಕುಂದರ್ರಿ, ನೀರು ಕುಡೀರಿ. ಇಷ್ಟ ಸಾಕು."

ಅವ್ವನಿಗೆ ಇದೆಲ್ಲ ಏನೆಂದು ತಿಳಿದಿರಲಿಲ್ಲ. "ಅದೇನದು ನಿಮ್ಮ ಪಾಡಕಾಸು?" ಎಂದು ಕೇಳಿದಳು.

"ನಮ್ಮ ಪಾಡು ನಾವ ಹೇಳ್ಕೊಳ್ಳೂದರಿ ಅತ್ತಿ" ಎಂದರು ವೈನಿ.

ರೆಕಾರ್ಡ್ ಮಾಡುವುದು ನಾವು ತಿಳಿದಷ್ಟು ಹಗುರಾಗಿರಲಿಲ್ಲ. ನಮ್ಮ ಓಣಿಯ ಎರಡೂ ಬದಿಗೆ ಪವರ್‌ಲೂಮುಗಳಿದ್ದವು. ದಿನಾಲೂ ಕೇಳಿ ಕೇಳಿ ನಮಗೆ ಅದು ಸಪ್ಪಳವೆಂದೇ ಅನಿಸುತ್ತಿರಲಿಲ್ಲ. ಮೊದಲ ರೆಕಾರ್ಡಿಂಗನ್ನು ಸೆಂಟರಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ವೈನಿಯ ದನಿ ಎಲ್ಲೋ ಜಲ್ಲಿ ಯಂತ್ರದ ಹಿಂದಿನಿಂದ ಬಂದಂತಿತ್ತು. ಆ ಸಪ್ಪಳ ನಿಲ್ಲುತ್ತಿದ್ದದ್ದು ಕರೆಂಟು ಹೋದಾಗ ಮಾತ್ರ. ಕರೆಂಟು ಹೋದರೆ ಕಂಪ್ಯೂಟರೂ ಇಲ್ಲ. ಅದಕ್ಕೇ ಬಾಗಲಕೋಟೆಗೆ ಹೋಗಿ ಸೆಲ್ ಹಾಕುವ ಒಂದು ಸಣ್ಣ ಎಂಪಿತ್ರೀ ಪ್ಲೇಯರ್ ತಂದೆ. ಹಾಡು ಕೇಳಲು ಮಾಡಿದ ವಸ್ತು. ಅದರಲ್ಲಿ ದನಿ ಹಿಡಿಯುವ ಗುಂಡಿಯೂ ಇತ್ತು.

ಊರೆಲ್ಲ ಕರೆಂಟು ಹೋಯಿತೆಂದು ಬಯ್ಯುವಾಗ ನಾವಿಬ್ಬರೂ ಓಡುತ್ತಿದ್ದೆವು. ಒಳಕೋಣೆಯ ಹಗ್ಗಕ್ಕೆ ಮನೆಯಲ್ಲಿದ್ದ ಹೊದೆಯುವ ಕೌದಿಗಳನ್ನೆಲ್ಲ ಇಳಿಬಿಟ್ಟು, ಅವುಗಳ ನಡುವೆ ಕೂರುತ್ತಿದ್ದೆವು. ಸೆಕೆಗೆ ಇಬ್ಬರ ಬೆನ್ನೂ ತೊಯ್ದು ಹೋಗುತ್ತಿತ್ತು. ಒಮ್ಮೆ ಮಂಗಗಳ ಕತೆಯನ್ನು ವೈನಿ ಇಪ್ಪತ್ತು ನಿಮಿಷ ಹೇಳಿದರು. ಮುಗಿದ ಮೇಲೆ ನೋಡಿದರೆ ನಾನು ಗುಂಡಿಯನ್ನೇ ಒತ್ತಿರಲಿಲ್ಲ. ಅಳು ಬಂದಂತಾಯಿತು. ವೈನಿ ಮುಖ ಒರೆಸಿಕೊಂಡು, "ಹೋಗ್ಲಿ ಬಿಡು, ಮಂಗ್ಯಾಗೋಳು ಮತ್ತ ಬರ್ತಾವು" ಎಂದು ಮೊದಲಿನಿಂದ ಹೇಳಿದರು. ಎರಡನೆಯ ಸಲದ್ದೇ ಚೆನ್ನಾಗಿತ್ತು.

ಪ, ಬ ಅಕ್ಷರ ಬಂದಲ್ಲೆಲ್ಲ ಉಸಿರು ಬಡಿದು ಡಬ್ ಎನ್ನುತ್ತಿತ್ತು. ಅವ್ವನ ಹಳೆಯ ಸೀರೆಯ ತುಂಡನ್ನು ಪ್ಲೇಯರಿನ ಬಾಯಿಗೆ ಕಟ್ಟಿದ ಮೇಲೆ ಸರಿಹೋಯಿತು. ಹೀಗೆ ಒಂದೊಂದೇ ಕಲಿತೆವು.

ಅವ್ವನ ಕಂತು ಮಾಡಿದ ದಿನ ಆಕೆ ಎಷ್ಟು ಹೇಳಿದರೂ ಒಳಕೋಣೆಗೆ ಬರಲಿಲ್ಲ. ಮಗ್ಗದ ಮುಂದೆಯೇ ಹೇಳುತ್ತೇನೆ ಎಂದಳು. ವೈನಿ ಕುಣಿಯ ಅಂಚಿನಲ್ಲಿ ಕೂತು ಒಂದೊಂದಾಗಿ ಕೇಳುತ್ತ ಹೋದರು. ಮೈಯ ಎಳೆಯನ್ನೂ ಸೆರಗಿನ ಎಳೆಯನ್ನೂ ಒಂದರೊಳಗೊಂದು ಹಾಯಿಸಿ ಕೊಂಡಿ ಹಾಕುವುದು ಹೇಗೆ, ಒಂದು ತಪ್ಪಿದರೆ ಏನಾಗುತ್ತದೆ, ಆಕೆಗೆ ಅದನ್ನು ಯಾರು ಕಲಿಸಿದರು. ಅವ್ವ ಮೊದಲು ಹೂಂ, ಹಾಂ ಎಂದಷ್ಟೇ ಅಂದಳು. ಆಮೇಲೆ ತನ್ನ ತಾಯಿಯ ಕೈ ಎಷ್ಟು ಸಣ್ಣಗಿತ್ತೆಂದು ಹೇಳತೊಡಗಿದವಳು ನಿಲ್ಲಿಸಲೇ ಇಲ್ಲ. ನನ್ನ ಅಜ್ಜಿಯ ಬಗ್ಗೆ ನನಗೆ ತಿಳಿದದ್ದರಲ್ಲಿ ಹೆಚ್ಚಿನದು ಆ ಮಧ್ಯಾಹ್ನ ಕೇಳಿದ್ದೇ.

ಎಡಿಟಿಂಗ್ ನನ್ನ ಕೆಲಸ. ಸೆಂಟರಿನಲ್ಲಿ ಮಧ್ಯಾಹ್ನದ ಬ್ಯಾಚು ಮುಗಿದ ಮೇಲೆ ಕೂರುತ್ತಿದ್ದೆ. ದನಿ ಪರದೆಯ ಮೇಲೆ ಗುಡ್ಡಸಾಲಿನ ಹಾಗೆ ಕಾಣುತ್ತಿತ್ತು. ಅಂದ್ರ, ಅಂದ್ರ ಎಂದು ಸುಮ್ಮನೆ ಬಂದ ಮಾತು, ಕೆಮ್ಮು, ನಾಯಿ ಬೊಗಳಿದ್ದು, ಎಲ್ಲವನ್ನೂ ಆರಿಸಿ ತೆಗೆಯುತ್ತಿದ್ದೆ. ಮೊದಲ ಕಂತು ಏರಿಸಿದಾಗ ಕೇಳಿದವರು ಹತ್ತು ಹನ್ನೆರಡು ಮಂದಿ. ಎರಡನೆಯದಕ್ಕೆ ಸೊಲ್ಲಾಪುರದಿಂದ ಒಬ್ಬರು ಬರೆದರು. ಅವರದೂ ನೇಕಾರರ ಮನೆತನವಂತೆ. ಈ ತಾಯಿಯ ಮಾತು ಕೇಳಿ ನಮ್ಮ ಮನೆಯ ಮಗ್ಗ ನೆನಪಾಯಿತು, ಪ್ರಶ್ನೆ ಕೇಳಿದ ತಂಗಿಯ ದನಿ ಬಹಳ ಹಿತವಾಗಿದೆ ಎಂದಿದ್ದರು. ವೈನಿ ಅದನ್ನು ನನ್ನಿಂದ ಮೂರು ಸಲ ಓದಿಸಿದರು.

ಮೂರನೆಯ ಕಂತಿನ ಹೊತ್ತಿಗೆ ವೈನಿ ಮಾತಿನ ನಡುವೆ ಗಂಟಲು ಸರಿಮಾಡಿಕೊಳ್ಳುವುದು ಹೆಚ್ಚಾಗಿತ್ತು. ಮನೆಯಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ಹೆಡ್‌ಫೋನಿನಲ್ಲಿ ನನಗೆ ಕೇಳುತ್ತಿತ್ತು. ಹತ್ತಿಯ ಧೂಳು ಇರಬೇಕೆಂದುಕೊಂಡು ಕತ್ತರಿಸಿದೆ. ನಾಲ್ಕನೆಯ ಕಂತಿನಲ್ಲಿ ದನಿಯೇ ಕೆಲವು ಕಡೆ ಒಡೆಯುತ್ತಿತ್ತು. ಒಡೆದ ಮಾತುಗಳನ್ನು ಮತ್ತೊಮ್ಮೆ ಹೇಳಿಸಿ, ಚೆನ್ನಾಗಿ ಬಂದದ್ದನ್ನು ಜೋಡಿಸಿದೆ. ಹೀಗೆ ಎರಡು ತಿಂಗಳು ನಾನು ವೈನಿಯ ರೋಗವನ್ನು ನಾಜೂಕಾಗಿ ಕತ್ತರಿಸಿ ತೆಗೆಯುತ್ತಿದ್ದೆ. ಕೆಲಸ ಎಷ್ಟು ಸಾಫಾಗಿ ಬಂತೆಂದು ಹಿಗ್ಗುತ್ತಲೂ ಇದ್ದೆ.

ಕುತ್ತಿಗೆಯ ಗಂಟನ್ನು ಮೊದಲು ನೋಡಿದವಳು ಅವ್ವ, ತಲೆ ಹಿಕ್ಕುವಾಗ. ಬಾಗಲಕೋಟೆಯ ಒಂದು ದವಾಖಾನೆಗೆ ಅಣ್ಣ, ವೈನಿ, ನಾನು ಹೋದೆವು. ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ.

"ದನಿ ಯಾವಾಗಿಂದ ಹಿಂಗಾಗೇತ್ರಿ?" ಎಂದು ಕೇಳಿದರು.

ಅಣ್ಣ ವೈನಿಯ ಮುಖ ನೋಡಿದ. ವೈನಿ, "ಏನ ಆಗಿಲ್ರಿ, ಮೊದಲಿನಂಗ ಐತಿ" ಎಂದರು.

ಯಾವಾಗಿನಿಂದ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಯಾವ ವಾರ, ಯಾವ ಮಾತಿನಲ್ಲಿ ಎಂಬುದೂ ಗೊತ್ತಿತ್ತು. ಎರಡು ತಿಂಗಳಾಯಿತು ಎಂದು ಹೇಳಿದೆ. ಅಣ್ಣ ತಿರುಗಿ ನನ್ನನ್ನು ನೋಡಿದ. ಆ ನೋಟವನ್ನು ನಾನು ಮರೆತಿಲ್ಲ.

ದನಿಯ ನರ ಗಂಟಿನ ಒಳಗೇ ಸಿಕ್ಕಿಕೊಂಡಿದೆ, ಉಳಿಸಲು ನೋಡುತ್ತೇವೆ, ಜೀವ ಮೊದಲು ಎಂದು ಡಾಕ್ಟರು ವಿವರಿಸಿದರು. ಎರಡು ತಿಂಗಳ ಹಿಂದೆ ಬಂದಿದ್ದರೂ ಹೆಚ್ಚು ಫರಕು ಆಗುತ್ತಿರಲಿಲ್ಲ ಎಂದು ನಾನು ಕೇಳದೆಯೇ ನನ್ನತ್ತ ನೋಡಿ ಹೇಳಿದರು. ಅದು ಖರೆಯೋ, ನನ್ನ ಮುಖ ನೋಡಿ ಹೇಳಿದ್ದೋ, ಇವತ್ತಿಗೂ ತಿಳಿಯದು.

ಆಪರೇಷನ್ ಆಯಿತು. ಜೀವ ಉಳಿಯಿತು. ದನಿ ಉಳಿಯಲಿಲ್ಲ. ವೈನಿ ಬಾಯಿ ತೆರೆದರೆ ಗಾಳಿ ಬರುತ್ತಿತ್ತು, ಅದರೊಳಗೆ ಎಲ್ಲೋ ಮಾತು. ಕಿವಿ ಹತ್ತಿರ ಒಯ್ದರೆ ತಿಳಿಯುತ್ತಿತ್ತು. ಆರು ತಿಂಗಳು ಕಾಯಿರಿ, ಕೆಲವರಿಗೆ ತಿರುಗಿ ಬರುತ್ತದೆ ಎಂದಿದ್ದರು. ಮನೆಗೆ ಬಂದ ವೈನಿ ರೊಟ್ಟಿ ಬಡಿಯುತ್ತಿದ್ದರು, ನೂಲು ಸುತ್ತುತ್ತಿದ್ದರು. ಓಣಿಯ ಹೆಂಗಸರು ಬಂದು ಮಾತಾಡಿಸಿದರೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಪವರ್‌ಲೂಮಿನ ಸಪ್ಪಳದಲ್ಲಿ ಅವರ ಮಾತು ಅವರಿಗೇ ಕೇಳುತ್ತಿರಲಿಲ್ಲ.

ಮೂರು ತಿಂಗಳ ಮೇಲೆ ನಾನು ಒಂದು ಕೆಲಸ ಮಾಡಿದೆ. ಅವರಿಗೆ ಧೈರ್ಯ ಬರಲಿ ಎಂದೇ ಮಾಡಿದೆ. ಹೊಸ ಸೊಸೆಯ ಮೊದಲ ವಾರದ ಕಂತು ಸಿದ್ಧವಾಗಿಯೇ ಇತ್ತು. ಅದನ್ನು ಯಾರಿಗೂ ಹೇಳದೆ ಇಂಟರ್‌ನೆಟ್ಟಿಗೆ ಏರಿಸಿದೆ. ವೈನಿಯ ತಂದೆ ತಾಯಿ ಬಾದಾಮಿಯಿಂದ ಮಗಳನ್ನು ನೋಡಲು ಬಂದ ದಿನ, ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಕೂತಿದ್ದಾಗ, ಸೆಂಟರಿನಿಂದ ತಂದ ಸ್ಪೀಕರಿಗೆ ಪ್ಲೇಯರನ್ನು ಜೋಡಿಸಿ ಹಚ್ಚಿದೆ.

"ಬರ್ರಿ, ಕುಂದರ್ರಿ, ನೀರು ಕುಡೀರಿ" ಎಂದು ವೈನಿಯ ದನಿ ಮನೆ ತುಂಬಿತು.

ಅವರ ತಾಯಿ ಅಲ್ಲೇ ಅಳತೊಡಗಿದರು. ವೈನಿ ನೀರು ಕೊಡಲು ತಂದಿದ್ದ ತಂಬಿಗೆಯನ್ನು ಕೆಳಗಿಟ್ಟು ಹಿತ್ತಲಿಗೆ ಹೋದರು. ನಾನು ಹಿಂದೆಯೇ ಹೋದೆ. ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡು ಕಿವಿಯಲ್ಲಿ ಹೇಳಿದರು.

"ಆಕಿ ಸತ್ತಾಳ ತಂಗಿ. ಸತ್ತೋರನ್ನ ಹಿಂಗ ಎಲ್ಲಾರ ಮುಂದ ಎಬ್ಬಿಸಬಾರದು. ಎಲ್ಲಾ ತಗದುಬಿಡು. ಒಂದೂ ಇಡಬ್ಯಾಡ."

"ಆತ್ರಿ ವೈನಿ" ಎಂದೆ. "ನಾಳೆ ತಗೀತೇನಿ."

ತೆಗೆಯಲಿಲ್ಲ. ಮರುದಿನ ಕಂಪ್ಯೂಟರಿನ ಮುಂದೆ ಕೂತು ನೋಡಿದರೆ ಕೇಳಿದವರ ಸಂಖ್ಯೆ ಏರಿತ್ತು. ಮುಂದಿನದು ಯಾವಾಗ ಮಾಡುತ್ತೀರಿ ಎಂದು ಯಾರೋ ಕೇಳಿದ್ದರು. ಇಷ್ಟು ಚೆಂದದ್ದನ್ನು ಅಳಿಸುವುದು ಹೇಗೆ, ದನಿ ತಿರುಗಿ ಬಂದರೆ ಅವರೇ ಕೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೊಳಗೆ ಇನ್ನೊಂದೂ ಇತ್ತು. ಅದು ನನ್ನ ಕೆಲಸವೂ ಆಗಿತ್ತು. ಜೀವನದಲ್ಲಿ ನಾನು ಪೂರ್ತಿ ಮಾಡಿದ ಮೊದಲ ಕೆಲಸ. ವೈನಿ ಒಮ್ಮೆ ಕಣ್ಣಲ್ಲೇ ಕೇಳಿದಾಗ ತೆಗೆದೆನೆಂದು ತಲೆಯಾಡಿಸಿದೆ.

ದನಿ ತಿರುಗಿ ಬರಲಿಲ್ಲ. ಆರು ತಿಂಗಳೂ ದಾಟಿತು. ಅಷ್ಟರಲ್ಲಿ ಬಾದಾಮಿಯಲ್ಲಿ ವೈನಿಯ ದೂರದ ನೆಂಟರೊಬ್ಬರು ಅದನ್ನು ಕೇಳಿ, ನಮ್ಮ ಮಗಳ ಮದುವೆಯಲ್ಲಿ ಮೈಕ್ ಹಿಡಿದು ಎರಡು ಮಾತು ಹೇಳಬೇಕೆಂದು ಅಣ್ಣನಿಗೆ ಫೋನು ಮಾಡಿದರು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ. ಅಣ್ಣ ಫೋನಿಟ್ಟು ಬಂದು, "ಇನ್ನೂ ಐತೇನದು?" ಎಂದು ನನ್ನನ್ನು ಕೇಳಿದ. ವೈನಿ ಬಾಗಿಲಲ್ಲೇ ನಿಂತಿದ್ದರು.

ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಅಂದಿನಿಂದ ನನ್ನ ಕಿವಿಯ ಹತ್ತಿರ ಬರುವುದನ್ನು ಬಿಟ್ಟರು. ಅವ್ವನಿಗೆ ಹೇಳುತ್ತಿದ್ದರು, ಅಣ್ಣನಿಗೆ ಹೇಳುತ್ತಿದ್ದರು. ನನಗೆ ಊಟ ಬಡಿಸುತ್ತಿದ್ದರು, ನನ್ನ ಬಟ್ಟೆ ಮಡಚಿಡುತ್ತಿದ್ದರು, ಮಾತು ಮಾತ್ರ ಇಲ್ಲ. ಒಂದೇ ಮನೆಯಲ್ಲಿ ಹಾಗೆ ಇರುವುದು ಎಷ್ಟು ಕಷ್ಟವೆಂದು ಇದ್ದವರಿಗೇ ಗೊತ್ತು.

ಆ ವಾರವೇ ನಾನು ಎಲ್ಲವನ್ನೂ ಅಳಿಸಿದೆ. ಇಂಟರ್‌ನೆಟ್ಟಿನಲ್ಲಿದ್ದದ್ದು, ಸೆಂಟರಿನ ಕಂಪ್ಯೂಟರಿನಲ್ಲಿದ್ದದ್ದು, ಪ್ಲೇಯರಿನಲ್ಲಿದ್ದ ಕಚ್ಚಾ ರೆಕಾರ್ಡಿಂಗುಗಳು, ಒಂದನ್ನೂ ಬಿಡಲಿಲ್ಲ. ಅಕೌಂಟನ್ನೇ ಮುಚ್ಚಿದೆ. ನೋಟ್‌ಬುಕ್ಕನ್ನು ನೀರೊಲೆಗೆ ಹಾಕಿದೆ. ಪಶ್ಚಾತ್ತಾಪವೆಂದುಕೊಂಡಿದ್ದೆ. ಈಗ ಅನಿಸುತ್ತದೆ, ಅದರಲ್ಲಿ ಸೆಡವೂ ಇತ್ತು. ಎಲ್ಲ ಹೋಯಿತು ನೋಡಿರಿ, ಇನ್ನಾದರೂ ಮಾತಾಡಿರಿ ಎಂಬಂತೆ. ಅಳಿಸಿದ್ದೇನೆಂದು ವೈನಿಗೆ ಹೇಳಿದೆ. ಅವರು ನಂಬಿದರೋ ಇಲ್ಲವೋ, ತಲೆಯಾಡಿಸಿದರು.

ಮರುವರ್ಷ ಚಳಿಗಾಲದಲ್ಲಿ ಅವ್ವ ಹೋದಳು. ಮೂರು ದಿನ ಜ್ವರ, ನಾಲ್ಕನೆಯ ದಿನ ಎದೆ ಹಿಡಿದುಕೊಂಡಿತು. ದವಾಖಾನೆಗೆ ಒಯ್ಯುವ ದಾರಿಯಲ್ಲಿ, ಹುನಗುಂದ ದಾಟುವ ಮೊದಲೇ ಮುಗಿಯಿತು. ಆಕೆಯ ತಲೆ ವೈನಿಯ ತೊಡೆಯ ಮೇಲಿತ್ತು. ವೈನಿ ಅತ್ತಿ, ಅತ್ತಿ ಎಂದು ಕೂಗುತ್ತಿದ್ದರು. ತುಟಿ ಅಲುಗುವುದಷ್ಟೇ ನನಗೆ ಕಾಣುತ್ತಿತ್ತು. ಎದುರಿಗೇ ಕೂತಿದ್ದರೂ ಗಾಡಿಯ ಸಪ್ಪಳದಲ್ಲಿ ಒಂದಕ್ಷರವೂ ಕೇಳಲಿಲ್ಲ.

ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಓಣಿ ಸ್ತಬ್ಧವಾಗಿತ್ತು. ನಾನು ಖಾಲಿ ಮಗ್ಗದ ಹತ್ತಿರ ಕೂತಿದ್ದೆ. ವೈನಿ ಬಂದು ಪಕ್ಕದಲ್ಲಿ ಕೂತರು. ಒಂದು ವರ್ಷದ ಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಅತ್ತಿ ಮಾತಾಡಿದ್ದು ಐತಲ್ಲ, ಕೊಂಡಿ ಹಾಕೂದು ಹೇಳಿದ್ದು. ಅದನ್ನ ಹಚ್ಚು ತಂಗಿ. ನನ್ನ ದನಿ ಇದ್ರೂ ಇರ್ಲಿ. ನಾ ಕೇಳ್ತೇನಿ."

ಅಳಿಸುವಾಗ ನನಗೆ ಅವ್ವನ ನೆನಪೇ ಆಗಿರಲಿಲ್ಲ. ಖರೆ ಹೇಳಬೇಕೆಂದರೆ ಒಮ್ಮೆಯೂ ಆಗಿರಲಿಲ್ಲ. ಅದು ವೈನಿಯ ದನಿ, ನನ್ನ ತಪ್ಪು, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಅವ್ವ ಆಗ ಇದೇ ಮನೆಯಲ್ಲಿ, ಇದೇ ಮಗ್ಗದಲ್ಲಿ ಕೂತಿದ್ದಳಲ್ಲ, ಆಕೆಯ ದನಿ ಎಲ್ಲಿ ಹೋಗುತ್ತದೆ?

"ಇಲ್ರಿ ವೈನಿ" ಎಂದೆ. "ಎಲ್ಲಾ ಅಳಿಸೇನಿ. ನೀವ ಅಂದಿದ್ರಲ್ಲ."

ಆ ಕೊನೆಯ ಮಾತನ್ನು ಯಾಕೆ ಹೇಳಿದೆನೋ. ಅದೊಂದನ್ನು ಹೇಳದೇ ಇದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ. ವೈನಿ ನನ್ನ ಮುಖ ನೋಡಿದರು. "ಹೌದು, ನಾನ ಅಂದಿದ್ದೆ" ಎಂದರು. ಆಮೇಲೆ ಮಗ್ಗದ ಹಲಗೆಯ ಮೇಲೆ ತಲೆಯಿಟ್ಟು ಅತ್ತರು. ಅಳುವುದಕ್ಕೂ ದನಿ ಬೇಕಾಗುತ್ತದೆಂದು ನನಗೆ ಆವತ್ತೇ ತಿಳಿದದ್ದು. ಬೆನ್ನು ಮಾತ್ರ ಅಲುಗುತ್ತಿತ್ತು.

ಹುಡುಕಿದೆ. ಸೆಂಟರಿನ ಕಂಪ್ಯೂಟರನ್ನು ಅಷ್ಟರಲ್ಲಿ ಎರಡು ಸಲ ಫಾರ್ಮ್ಯಾಟ್ ಮಾಡಿದ್ದರು. ಸೊಲ್ಲಾಪುರದವರ ಇಮೇಲ್ ಹಳೆಯ ಪತ್ರಗಳಲ್ಲಿ ಸಿಕ್ಕಿತು. ಬರೆದೆ. ಎರಡು ವಾರದ ಮೇಲೆ ಉತ್ತರ ಬಂತು. ತಾನು ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಕೇಳಿದ್ದು, ಇಳಿಸಿಕೊಂಡಿರಲಿಲ್ಲ, ಕ್ಷಮಿಸಿ, ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ ಎಂದು. ತಾಯಿಯವರು ಇಲ್ಲವೆಂದು ನಾನು ತಿರುಗಿ ಬರೆಯಲಿಲ್ಲ.

ಮಗ್ಗ ನೇಯುವವರಿಲ್ಲದೆ ಅಣ್ಣ ಅದನ್ನು ಬಿಚ್ಚಿಸಿ ಕುಣಿ ಮುಚ್ಚಿಸಿದ. ನನಗೆ ಬಾಗಲಕೋಟೆಯಲ್ಲಿ ಮದುವೆಯಾಯಿತು. ವೈನಿಯೂ ನಾನೂ ಈಗ ಮಾತಾಡುತ್ತೇವೆ, ಆದರೆ ಎದುರುಬದುರು ಕೂತಾಗ ಮಾತ್ರ. ಫೋನಿನಲ್ಲಿ ಅವರ ಮಾತು ಕೇಳಿಸುವುದಿಲ್ಲ. ಅದಕ್ಕೆ ತಿಂಗಳಿಗೊಮ್ಮೆ ಬಸ್ಸು ಹತ್ತಿ ಇಳಕಲ್ಲಿಗೆ ಹೋಗುತ್ತೇನೆ. ಹಿಂದಿನ ದಿನಗಳ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಹೋದ ಸಲ ಹೋದಾಗ ಒಂದು ಮಾತು ಕೇಳಿದರು. ಅಜ್ಜಿಯ ಕೈ ಸಣ್ಣಗಿತ್ತೆಂದು ಅವ್ವ ಹೇಳಿದಳಲ್ಲ, ಆ ಕೈ ಯಾವುದರ ಹಾಗಿತ್ತೆಂದು ಅಂದಿದ್ದಳು, ನಿನಗೆ ನೆನಪಿದೆಯೇ ಎಂದು. ನನಗೆ ನೆನಪಿರಲಿಲ್ಲ. ವೈನಿಗೂ ಇರಲಿಲ್ಲ. ಚಹಾ ಆರುವವರೆಗೂ ಇಬ್ಬರೂ ನೆನಪು ಮಾಡಿಕೊಳ್ಳುತ್ತ ಕೂತೆವು.